ಬಾಳೇಶನ ದೀರ್ಘದಂಡ

ಕಣ್ಣಿನ ಪೊರೆ ತೆಗೆಸಿಕೊಂಡು ಧಾರವಾಡದಿಂದ ದಾಂಡೇಲಿಗೆ ಮರಳಿದ ಮುದಕವ್ವ, ಪಟ್ಟಿ ಬಿಚ್ಚಿದ ಮಾರನೆಯ ದಿನ ಬೆಳಿಗ್ಗೆ ಮಹಡಿಯ ಹಾಲ್‌ನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಳು. ಕಪ್ಪು ಕನ್ನಡಕ ತೆಗೆದು ಸೆರಗಿನಲ್ಲಿ ಸುತ್ತಿಟ್ಟಳು. ಎದುರಿಗಿದ್ದ ಗೋಡೆಯಗಲದ ಗಾಜಿನ ಕಿಟಕಿಯತ್ತ ಒಮ್ಮೆ ದಿಟ್ಟಿಸಿ ನೋಡಿದಳು. ಆಮೇಲೆ ಇಡೀ ಓಣಿಗೆ ಕೇಳುವಂತೆ ತೀರ್ಪು ಕೊಟ್ಟಳು.

“ಕಣ್ಣು ಬರ್ಲಿಲ್ಲೋ ಬಾಳ್ಯಾ! ಎಲ್ಲಾ ಮಬ್ಬ ಮಬ್ಬ ಐತಿ. ಆ ಡಾಕ್ಟರ ಹಳೇ ಪೊರಿ ತಗದು ಹೊಸಾ ಪೊರಿ ಕುಂಡ್ರಿಸ್ಯಾನ!”

ಕಾಗದದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕಾರಕೂನನಾಗಿರುವ ಅವಳ ಮಗ ಬಾಳೇಶ ಆಗ ಮೆಟ್ಟಿಲ ಮೇಲೆ ಕುಳಿತು ಬೂಟು ಹಾಕಿಕೊಳ್ಳುತ್ತಿದ್ದ. ಒಂದು ಕಾಲಿಗೆ ಬೂಟು, ಇನ್ನೊಂದು ಕಾಲಿಗೆ ಬರೀ ಸಾಕ್ಸು, ಹಾಗೆಯೇ ಕಲ್ಲಾಗಿ ಕುಳಿತುಬಿಟ್ಟ. ಈ ಒಂದು ಆಪರೇಶನ್ನಿಗೆ ಅವ್ವನನ್ನು ಒಪ್ಪಿಸಬೇಕಾದರೆ ಅವನು ಪಟ್ಟ ಪಾಡು ಯಾವ ರಾಯಭಾರಿಯೂ ಪಟ್ಟಿರಲಾರ. ಕೈಕಾಲು ಹಿಡಿದು, ಆಣೆ ಇಟ್ಟು, ಒಂದು ಸಲ ಊಟ ಬಿಟ್ಟು (ಮಧ್ಯಾಹ್ನದ್ದು ಮಾತ್ರ, ರಾತ್ರಿ ಜೋಳದ ರೊಟ್ಟಿಯ ವಾಸನೆಗೆ ಸತ್ಯಾಗ್ರಹ ಮುರಿದುಬಿತ್ತು) ಕೊನೆಗೆ ಅವನು ಹೇಳಿದ್ದು ಇಷ್ಟೇ: “ಅವ್ವಾ, ಆಪರೇಶನ್ ಆದ ಮ್ಯಾಲ ನಮ್ಮ ಕಿಟಕ್ಯಾಗಿಂದ ಕಾಳಿ ಹೊಳಿ ಕಾಣಸ್ತೈತಿ. ಕುಂತಲ್ಲೇ ಕುಂತು ಹೊಳಿ ನೋಡು.” ಆ ಮಾತಿಗೇ ಅವಳು ಹೂಂ ಅಂದಿದ್ದಳು. ಈಗ ಹೊಳೆಯೂ ಇಲ್ಲ, ದಂಡೆಯೂ ಇಲ್ಲ.

“ಇನ್ನೊಂದು ಕಣ್ಣಿನ ಸುದ್ದಿ ತಗದೀ ಅಂದ್ರ ನೋಡ್ಕೋ!” ಎಂದಳು ಮುದಕವ್ವ. “ಇದ್ದದ್ದ ಒಂದೀಟು ಕಾಣಸ್ತಿತ್ತು, ಅದನ್ನೂ ಕಸಗೊಳ್ಳಾಕ ಕರಕೊಂಡು ಹೋಗ್ತೀಯೇನು?”

ಅನಾಹುತ ಅಲ್ಲಿಗೇ ನಿಲ್ಲಲಿಲ್ಲ. ಹಿತ್ತಲಿಗೆ ಹಿತ್ತಲು ತಾಗಿರುವ ಕೆಳಗಿನ ಮನೆಯ ಕಾಶೆವ್ವ ಎಮ್ಮೆಗೆ ಹಿಂಡಿ ಇಡುತ್ತಿದ್ದವಳು, ತೀರ್ಪನ್ನು ಪೂರ್ತಿ ಕೇಳಿಸಿಕೊಂಡು ತಲೆ ಎತ್ತಿದಳು. ಅವಳಿಗೂ ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು. ಮುದಕವ್ವನದು ಹೇಗಾಗುತ್ತದೋ ನೋಡಿಕೊಂಡು ತಾನೂ ಹೋಗುವುದೆಂದು ಕಾದಿದ್ದಳು.

“ಹಂಗಾರ ನಾನೂ ಹೋಗಂಗಿಲ್ಲ ಬಿಡವಾ ಮುದಕವ್ವಾ!” ಎಂದು ಅಲ್ಲಿಂದಲೇ ಕೂಗಿ ಹೇಳಿದಳು. “ನನ್ನ ಎಮ್ಮಿ ನನಗ ಕಾಣಸ್ತೈತಿ. ಅಷ್ಟ ಸಾಕು.”

ಅಂದರೆ ಬಾಳೇಶನ ಒಂದು ಮಾತಿಗೆ ಈಗ ಒಟ್ಟು ಮೂರು ಕಣ್ಣುಗಳ ಭವಿಷ್ಯ ಹಾಳಾಗುತ್ತಿತ್ತು. ಸೋಮವಾರ ಮತ್ತೆ ತಪಾಸಣೆಗೆ ಬರಲು ಆಸ್ಪತ್ರೆಯವರು ಹೇಳಿದ್ದರು. ಅವತ್ತೇ ಇನ್ನೊಂದು ಕಣ್ಣಿನ ದಿನ ಗೊತ್ತು ಮಾಡಬೇಕಿತ್ತು. ಮುದಕವ್ವ ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡಿದ್ದು ನೋಡಿದರೆ, ಸೋಮವಾರ ಅವಳನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗುವುದಲ್ಲದೆ ಬೇರೆ ದಾರಿ ಕಾಣಲಿಲ್ಲ.

ಅವನ ಹೆಂಡತಿ ಮಧುಮತಿ ಅವನನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ರೋಗದ ಮೂಲವನ್ನು ಹೇಳಿದಳು.

“ಅತ್ತಿಯವ್ರ ಕಣ್ಣಿಗೆ ಏನೂ ಆಗಿಲ್ರಿ. ನಿನ್ನೆ ನನ್ನ ಕೈಯಾಗಿನ ಅನ್ನದಾಗ ಕೂದಲಾ ಐತಿ ಅಂತ ಅಷ್ಟು ದೂರಿಂದ ಹಿಡದ್ರು. ಮುಂಜಾನೆ ಕ್ಯಾಲೆಂಡರ್ ನೋಡಿ ಅಮಾಸಿ ಯಾವತ್ತು ಅಂತ ನನಗ ಹೇಳಿದ್ರು. ಆ ಕಿಟಕಿ ಕಡೆ ನೋಡಿದಾಗಷ್ಟ ಅವರಿಗೆ ಮಬ್ಬ. ಪೊರಿ ಬಂದದ್ದು ಅವರ ಕಣ್ಣಿಗಲ್ರಿ, ನಿಮ್ಮ ಕಿಟಕಿಗೆ!”

ಈ ಕಿಟಕಿಯ ಪೂರ್ವಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕೆಲವು ವರ್ಷಗಳ ಹಿಂದೆ ಆಫೀಸಿನ ಯಾರದೋ ಬೀಳ್ಕೊಡುಗೆಯ ಊಟಕ್ಕೆಂದು ಬಾಳೇಶ ಜೋಯಿಡಾ ಕಡೆಯ ಒಂದು ರೆಸಾರ್ಟಿಗೆ ಹೋಗಿದ್ದ. ಅಲ್ಲಿ ಊಟದ ಕೋಣೆಗೆ ಗೋಡೆಯೇ ಇರಲಿಲ್ಲ. ನೆಲದಿಂದ ಮಾಳಿಗೆಯವರೆಗೆ ಒಂದೇ ಗಾಜು, ಅದರಾಚೆ ಹಸಿರು ಕಾಡು, ಕಾಡಿನ ನಡುವೆ ಹೊಳೆ. ಅದನ್ನು ನೋಡುತ್ತ ಬಾಳೇಶ ಕೈಯಲ್ಲಿದ್ದ ಪೂರಿಯನ್ನು ಮರೆತ. (ಪೂರಿಯನ್ನು ಮರೆಯುವ ಪೈಕಿ ಅವನಲ್ಲ.) ತಾನು ಮನೆ ಕಟ್ಟಿಸುವಾಗ ಅಂಥದೇ ಕಿಟಕಿ ಬೇಕೆಂದು ಹಟ ಹಿಡಿದ. ಅದಕ್ಕಾಗಿಯೇ ಹಾಲನ್ನು ಮಹಡಿಗೆ ಏರಿಸಿದ. “ತೆರಿಯಾಕ ಬರದಂಥಾ ಗಾಜು ಕುಂಡ್ರಿಸಿದ್ರ ಹೊರಗಿಂದ ವರಸೂದು ಹೆಂಗ್ರಿ?” ಎಂದು ಮಧುಮತಿ ಆಗಲೇ ಕೇಳಿದ್ದಳು. “ಮಳಿ ತೊಳೀತೈತಿ,” ಎಂದಿದ್ದ ಬಾಳೇಶ, ನಿಸರ್ಗದ ಮೇಲೆ ಪೂರ್ಣ ಭರವಸೆಯಿಟ್ಟು.

ಆದರೆ ಕಿಟಕಿಯ ಮೇಲೆ ಅಗಲವಾದ ಛಜ್ಜಾ ಇತ್ತು. ಹಾಗಾಗಿ ಮಳೆ ತೊಳೆಯುವಷ್ಟು ಬೀಳಲಿಲ್ಲ, ಧೂಳನ್ನು ಕಲಸುವಷ್ಟು ಮಾತ್ರ ಬಿತ್ತು. ಧೂಳು ಕೆಸರಾಯಿತು, ಕೆಸರು ಒಣಗಿ ಪದರಾಯಿತು, ಪದರಿನ ಮೇಲೆ ಜೇಡ ಸಂಸಾರ ಹೂಡಿತು. ಛಜ್ಜಾ ಅಡ್ಡ ಬರುವುದರಿಂದ ಮಾಳಿಗೆಯ ಗಚ್ಚಿನ ಮೇಲಿನಿಂದ ಬಗ್ಗಿದರೆ ಕೈ ಹೋಗದು. ಕೆಳಗೆ ಕಾಶೆವ್ವನ ಹಿತ್ತಲು ಇಳಿಜಾರು, ಏಣಿ ನಿಲ್ಲದು. ಹೀಗೆ ಬಾಳೇಶನ ಕಿಟಕಿ, ಎಲ್ಲರಿಗೂ ಕಾಣುವ, ಯಾರ ಕೈಗೂ ಸಿಗದ ವಸ್ತುವಾಗಿತ್ತು.

“ಅವ್ವನ್ನ ಹೊರಗ ಕರಕೊಂಡು ಬಂದು ತೋರಿಸೂಣು. ಹೊರಗ ಎಲ್ಲಾ ಚಂದ ಕಾಣಸ್ತೈತಿ ಅಂತ ಆಕೀಗೇ ಗೊತ್ತಾಗ್ತೈತಿ,” ಎಂದ ಬಾಳೇಶ.

ಅದೂ ಆಯಿತು. ಡಾಕ್ಟರು ಧೂಳು ಬಿಸಿಲಿಗೆ ಹೋಗಬೇಡ ಅಂದಿದ್ದಾರೆ ಎಂಬುದು ಮುದಕವ್ವನ ಮೊದಲ ಆಕ್ಷೇಪ. ಕಣ್ಣೇ ಕಾಣದವಳು ಮೆಟ್ಟಿಲು ಇಳಿಯುವುದು ಹೇಗೆ ಎಂಬುದು ಎರಡನೆಯದು. (ಮೋಸಗಾರ ಡಾಕ್ಟರ ಮಾತನ್ನು ಯಾಕೆ ಪಾಲಿಸಬೇಕು ಎಂದು ಕೇಳುವಷ್ಟು ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.) ಉಳಿದದ್ದು ಒಂದೇ ದಾರಿ. ಸೋಮವಾರದೊಳಗೆ ಕಿಟಕಿಯ ಪೊರೆ ತೆಗೆಯಬೇಕು.

ಮಧುಮತಿ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದಳು. ಬೆಳ್ಳಗೆ ಮಿಂಚುವ ಅಲ್ಯೂಮಿನಿಯಂ ಕೋಲು. ಎಳೆದರೆ ಉದ್ದ, ಒತ್ತಿದರೆ ಗಿಡ್ಡ, ತುದಿಗೆ ಬ್ರಶ್ಶು, ಬ್ರಶ್ಶಿನ ಹಿಂದೆ ರಬ್ಬರ್. “ಇದನ್ನ ತರಿಸೂಣ್ರಿ. ಮನೀ ಬಾಗಲಿಗೇ ಬರ್ತೈತಿ.”

ಬೆಲೆ ನೋಡಿದ ಬಾಳೇಶನ ಮುಖ ಅಲ್ಯೂಮಿನಿಯಂನಷ್ಟೇ ಬೆಳ್ಳಗಾಯಿತು. “ಒಂದು ಕೋಲಿಗೆ ಇಷ್ಟು ರೊಕ್ಕಾನ? ಸುತ್ತಲೂ ಇಷ್ಟು ಕಾಡು ಇಟ್ಕೊಂಡು, ದಾಂಡೇಲ್ಯಾಗ ಕುಂತು ಕೋಲು ಕೊಂಡ್ರ ಮಂದಿ ಏನಂದಾರು? ನಾನ ಮಾಡ್ತೇನಿ ಬಿಡು.”

“ನೀವು ಮಾಡ್ತೀರಿ?” ಎಂದಳು ಮಧುಮತಿ. ಆ ಎರಡು ಮಾತಿನಲ್ಲಿ ಅವರ ಇಡೀ ದಾಂಪತ್ಯದ ಇತಿಹಾಸವಿತ್ತು.

ಅವತ್ತು ಆಫೀಸಿನಲ್ಲಿ ಬಾಳೇಶ ಒಂದು ವಿಡಿಯೋ ನೋಡಿದ. ಅದರಲ್ಲಿ ಒಬ್ಬ ಮನುಷ್ಯ ಸಂಗೀತದ ಹಿನ್ನೆಲೆಯಲ್ಲಿ ಪೈಪಿಗೆ ಪೈಪು ಜೋಡಿಸಿ, ತುದಿಗೆ ವೈಪರ್ ಸಿಕ್ಕಿಸಿ, ಮೂರು ಅಂತಸ್ತಿನ ಗಾಜನ್ನು ನಗುನಗುತ್ತ ಒರೆಸಿದ. (ಅವನಿಗೆ ಹೆಂಡತಿ ಇರಲಿಲ್ಲ, ಅಥವಾ ಇದ್ದರೂ ವಿಡಿಯೋದಲ್ಲಿ ತೋರಿಸಿರಲಿಲ್ಲ.) ಬಾಳೇಶ ತನ್ನ ಯೋಜನೆಗೆ ಮನಸ್ಸಿನಲ್ಲೇ ‘ದೀರ್ಘದಂಡ’ ಎಂದು ಹೆಸರಿಟ್ಟ. ದಂಡ ಎಂಬ ಶಬ್ದಕ್ಕೆ ಕೋಲಲ್ಲದೆ ಬೇರೆ ಅರ್ಥವೂ ಉಂಟೆಂಬುದು ಆ ಉತ್ಸಾಹದಲ್ಲಿ ಅವನಿಗೆ ನೆನಪಾಗಲಿಲ್ಲ.

ಮನೆ ಕಟ್ಟುವಾಗ ಉಳಿದ ನೀರಿನ ಪೈಪುಗಳು ಮೆಟ್ಟಿಲ ಕೆಳಗೆ ಬಿದ್ದಿದ್ದವು. ಶುಕ್ರವಾರ ಸಂಜೆ ಅವನ್ನು ಒಂದಕ್ಕೊಂದು ಜೋಡಿಸಿ ಅಂಟು ಹಚ್ಚಿದ. ಬಚ್ಚಲಿನ ವೈಪರನ್ನು ಅದರ ಹಿಡಿಕೆಯಿಂದ ಕಿತ್ತು ತುದಿಗೆ ಕೂಡಿಸಿದ. ಅಂಟು ಒಣಗಲು ಇಡೀ ರಾತ್ರಿ ಬೇಕೆಂದು ಡಬ್ಬಿಯ ಮೇಲೆ ಬರೆದಿತ್ತು. ಕಂಪನಿಯವರು ಯಾವಾಗಲೂ ಸ್ವಲ್ಪ ಹೆಚ್ಚೇ ಹೇಳುತ್ತಾರೆ ಎಂದು ಅವನು ಒಂದು ಚಹಾ ಕುಡಿಯುವಷ್ಟು ಹೊತ್ತು ಕಾದ.

“ಕಾಶೆವ್ವಕ್ಕಾ, ನಿಮ್ಮ ಹಿತ್ತಲದಾಗ ಒಂದೀಟು ನಿಂತ್ಕೊಳ್ಳಲೇನ್ರಿ? ಕಿಟಕಿ ವರಸೂದೈತಿ.”

“ನಿಂದ್ರು ತಮ್ಮಾ, ನಿಂದರಾಕ ಏನು ಬಾಡಿಗಿ ಐತೇನು? ಬಾಜೂಕ ಹಪ್ಪಳಾ ಒಣಾ ಹಾಕೇನಿ, ಅದರ ಮ್ಯಾಲ ಕಾಲಿಡಬ್ಯಾಡ. ಅಷ್ಟ.”

ಬಾಳೇಶ ಕಾಲಿಡಲಿಲ್ಲ. ಹೊರಸಿನ ಮೇಲಿನ ಹಪ್ಪಳಗಳಿಂದ ಗೌರವಯುತ ದೂರದಲ್ಲಿ ನಿಂತು, ವೈಪರನ್ನು ಸಾಬೂನಿನ ನೀರಿನಲ್ಲಿ ಅದ್ದಿ ಕೋಲನ್ನು ಎತ್ತಿದ. ಅದು ಮೊದಲು ನೆಟ್ಟಗೆ ನಿಂತಿತು. ಆಮೇಲೆ ಏನೋ ನೆನಪಾದಂತೆ ನಿಧಾನವಾಗಿ ಬಾಗಿ ಬಾಗಿ, ಕಾಶೆವ್ವನ ಎಮ್ಮೆಗೆ ನಮಸ್ಕಾರ ಮಾಡಿತು. ಬಾಳೇಶ ಬಲಕ್ಕೆ ಎಳೆದರೆ ತುದಿ ಎಡಕ್ಕೆ ಹೋಯಿತು. ಸಾಬೂನಿನ ನೀರು ಪೈಪಿನ ಮೈಮೇಲೆ ಹರಿದು ಬಂದು, ಅಂಗಿಯ ತೋಳಿನೊಳಗೆ ಹೊಕ್ಕು, ಕಂಕುಳಲ್ಲಿ ತಂಗಿ, ಅಲ್ಲಿಂದ ಪ್ಯಾಂಟಿನೊಳಗೆ ಪ್ರಯಾಣ ಬೆಳೆಸಿತು. ಹಲ್ಲು ಕಚ್ಚಿ ಅವನು ಒಮ್ಮೆ ಜೋರಾಗಿ ಝಾಡಿಸಿದ. ಕೋಲು ನೆಟ್ಟಗಾಯಿತು. ವೈಪರ್ ಮಾತ್ರ ಅದರ ತುದಿಯಲ್ಲಿರಲಿಲ್ಲ.

ಅದು ಹಪ್ಪಳಗಳ ನಟ್ಟನಡುವೆ ಬಿದ್ದಿತ್ತು, ಸಾಬೂನಿನ ನೊರೆ ಸಮೇತ.

“ಅಯ್ಯ ನಿನ್ನ! ಬಚ್ಚಲಾ ಬಳಿಯೂದನ್ನ ತಂದು ನನ್ನ ಹಪ್ಪಳದ ಮ್ಯಾಲ ಒಗದೆಲ್ಲೋ!” ಎಂದು ಕಾಶೆವ್ವ ಎದೆ ಬಡಿದುಕೊಂಡಳು. ಪೊರೆ ಬಂದ ಕಣ್ಣಿಗೂ ಇದು ಸ್ಪಷ್ಟವಾಗಿ ಕಂಡಿತ್ತು. ಮಧುಮತಿ ಓಡಿಬಂದು, ಕ್ಷಮೆ ಕೇಳಿ, ತವರಿನಿಂದ ಬಂದಿದ್ದ ತನ್ನ ಹಪ್ಪಳದ ಡಬ್ಬಿಯನ್ನೇ ಒಪ್ಪಿಸಿದ ಮೇಲೆ ಗಡಿಯಲ್ಲಿ ಶಾಂತಿ ನೆಲೆಸಿತು. ಮನೆಯೊಳಗೆ ಮಾತ್ರ ನೆಲೆಸಲಿಲ್ಲ.

“ಆ ಕೋಲು ತರಿಸಿದ್ರ ಇಷ್ಟೊತ್ತಿಗೆ ದಾರ್ಯಾಗ ಇರ್ತಿತ್ತು,” ಎಂದಳು ಮಧುಮತಿ.

“ಪೈಪು ಮೆತ್ತಗಾತು, ಅದಕ್ಕ ಹಿಂಗಾತು. ಬೊಂಬು ಬೇಕು. ನಿಮ್ಮ ತಮ್ಮಗ ಫೋನ್ ಹಚ್ಚು.”

ಮಧುಮತಿಯ ತಮ್ಮ ಮೌನೇಶ ಮುಂಡಗೋಡ ತಾಲೂಕಿನ ಮಳಗಿಯಲ್ಲಿ ಹೊಲ ಮಾಡಿಕೊಂಡಿದ್ದ. ಹೆಸರಿಟ್ಟವರು ಅವನು ಮಾತು ಕಲಿಯುವ ಮೊದಲೇ ಇಟ್ಟಿರಬೇಕು, ಇಲ್ಲದಿದ್ದರೆ ಆ ಹೆಸರಿಗೆ ಅವಕಾಶವೇ ಇರಲಿಲ್ಲ. “ಬೊಂಬೇನ್ರಿ ಮಾಮಾರ? ನಮ್ಮ ಹೊಲದ ಬದುವಿನ್ಯಾಗ ಎಂಥಾ ಬೊಂಬು ಅದಾವಂತೀರಿ! ಆಕಾಶಕ್ಕ ಹಚ್ಚಿದ್ರ ಚಿಕ್ಕಿ ಉದರ್ತಾವು!” ಎಂದವನು, ಭಾನುವಾರ ಬೆಳಿಗ್ಗೆ ಪರಿಚಯದವರ ಪಿಕಪ್ ಗಾಡಿಯ ಮೇಲೆ ಬೊಂಬು ಕಟ್ಟಿಕೊಂಡು, ದಾರಿಯುದ್ದಕ್ಕೂ ಡ್ರೈವರನ ಕಿವಿ ತಿನ್ನುತ್ತ ಬಂದಿಳಿದ.

ಬೊಂಬು ಅವನು ಹೇಳಿದ ಹಾಗೆಯೇ ಇತ್ತು. ತೊಂದರೆಯಾದದ್ದು ಅದರಿಂದಲೇ. ಕಾಶೆವ್ವನ ಹಿತ್ತಲಿಗೆ ಹೋಗುವ ಸಂದಿ ನಡುವೆ ಒಂದು ಕಡೆ ತಿರುಗುತ್ತದೆ. ಮನುಷ್ಯ ತಿರುಗುತ್ತಾನೆ, ಎಮ್ಮೆಯೂ ತಿರುಗುತ್ತದೆ, ಬೊಂಬು ತಿರುಗಲಿಲ್ಲ. ಮುಂದಿನ ತುದಿ ಬಾಳೇಶನ ಹೆಗಲ ಮೇಲೆ, ಹಿಂದಿನ ತುದಿ ಇನ್ನೂ ರಸ್ತೆಯಲ್ಲಿ ಮೌನೇಶನ ಕೈಯಲ್ಲಿ, ನಡುವೆ ಎರಡು ಗೋಡೆ.

“ಮಾಮಾರ, ಮ್ಯಾಲ ಎತ್ರಿ!”

“ಮ್ಯಾಲ ತಗಡು ಐತಲ್ಲೋ!”

“ಹಂಗಾರ ಕೆಳಗ ಇಳಸ್ರಿ!”

“ಕೆಳಗ ನಾನ ಅದೇನಿ!”

ರಸ್ತೆಯಲ್ಲಿ ಸ್ಕೂಟರಿನವರು ಹಾರ್ನ್ ಬಾರಿಸತೊಡಗಿದರು. ಮೌನೇಶ ಅವರೆಲ್ಲರಿಗೂ ಅಕ್ಕನ ಅತ್ತೆಯವರ ಕಣ್ಣಿನ ಆಪರೇಶನ್ನಿನಿಂದ ಹಿಡಿದು ಸವಿಸ್ತಾರವಾಗಿ ವಿವರಿಸತೊಡಗಿದ. ಕೊನೆಗೆ ಬಾಳೇಶನೇ ಗರಗಸ ತರಿಸಿ, ಕಣ್ಣಳತೆಯಲ್ಲಿ ಒಂದು ತುಂಡು ಕೊಯ್ದು ಹಾಕಿದ. ಬೊಂಬು ಸಲೀಸಾಗಿ ತಿರುಗಿತು. ಹಿತ್ತಲಿಗೂ ಬಂತು. ಎತ್ತಿ ಹಿಡಿದರೆ ಕಿಟಕಿಯ ಅರ್ಧಕ್ಕೂ ಮುಟ್ಟಲಿಲ್ಲ.

ಬಾಳೇಶ ಬೊಂಬನ್ನು ಹಿಡಿದುಕೊಂಡೇ ನೆಲಕ್ಕೆ ಕುಕ್ಕರಿಸಿದ. ಅವನಿಗೆ ನಿಜಕ್ಕೂ ಅಳು ಬಂದಿತ್ತು. ಮೇಲೆ ಮಬ್ಬುಗಾಜಿನ ಹಿಂದೆ ಅವ್ವನ ಆಕೃತಿ ಅಸ್ಪಷ್ಟವಾಗಿ ಕಾಣುತ್ತಿತ್ತು, ಕುರ್ಚಿಯಲ್ಲಿ, ಕೈ ಮಡಿಲಲ್ಲಿಟ್ಟುಕೊಂಡು, ಕಾಣದ ಹೊಳೆಯತ್ತ ಮುಖ ಮಾಡಿ. ನಾಳೆಗೆ ಸೋಮವಾರ.

“ಕೊಯ್ದವರು ನೀವ ನೋಡ್ರಿ ಮಾಮಾರ, ನಾ ಅಲ್ಲ,” ಎಂದ ಮೌನೇಶ, ಸಮಾಧಾನ ಹೇಳುವ ದನಿಯಲ್ಲಿ. “ಹೋಗ್ಲಿ ಬಿಡ್ರಿ. ಆ ಪೈಪಿನ ತುಂಡು ಇದರ ತಲಿಗೆ ಕಟ್ಟೂಣು.”

ಪೈಪಿನ ಗಟ್ಟಿ ತುಂಡೊಂದನ್ನು ಬೊಂಬಿನ ತಲೆಗೆ ಸೇರಿಸಿ, ಸ್ಕೂಟರಿನ ಹಳೆಯ ಟ್ಯೂಬು ಸೀಳಿ ಬಿಗಿಯಾಗಿ ಸುತ್ತಿದರು. ವೈಪರಿನ ಮೇಲೆ ನಂಬಿಕೆ ಹೋಗಿತ್ತು. ಹಾಗಾಗಿ ತುದಿಗೆ ಸ್ಪಂಜು ಕಟ್ಟಿ, ಅದರ ಮೇಲೆ ಸುತ್ತಲು ಒಂದು ಮೆತ್ತನೆಯ ಬಟ್ಟೆ ಕೊಡೆಂದು ಮಧುಮತಿಗೆ ಕೂಗಿ ಹೇಳಿದರು. ಅವಳು ಗಚ್ಚಿನ ಮೇಲಿನಿಂದ ಒಂದು ಬಟ್ಟೆ ಒಗೆದಳು. ಮೌನೇಶ ಅದನ್ನು ಸುತ್ತಿ ಗಂಟು ಹಾಕಿದ. ಈ ಸಲ ದಂಡವು ಬಾಗಲಿಲ್ಲ, ಬಳುಕಲಿಲ್ಲ. ಹಸಿ ಬೊಂಬಾದ್ದರಿಂದ ಒಂದು ತೊಲೆಯಷ್ಟು ಭಾರವಿತ್ತು, ಅಷ್ಟೇ. ಇಬ್ಬರೂ ಸೇರಿ ಎತ್ತಿದರು. ತುದಿ ಗಾಜಿಗೆ ತಾಗಿತು!

ಒಳಗಿನಿಂದ ದಾರಿ ತೋರಿಸಲು ಮಧುಮತಿ ಫೋನ್ ಹಚ್ಚಿದಳು. ಬಾಳೇಶ ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡ.

“ಎಡಕ್ಕ ಹೋಗ್ರಿ. ಎಡಕ್ಕ… ಎಡಕ್ಕ ಅಂದೆ!”

“ಎಡಕ್ಕ ಹೊಂಟೇನಲ್ಲ!”

“ಅದು ನಿಮ್ಮ ಎಡಾರೀ, ನನ್ನ ಎಡಾ ಹೇಳಾಕತ್ತೇನಿ!”

“ನಿನ್ನ ಎಡಾ ನನಗ ಹೆಂಗ ಗೊತ್ತಾಗಬೇಕು?”

“ಇಷ್ಟು ವರ್ಷ ಸಂಸಾರ ಮಾಡಿ ಅಷ್ಟೂ ಗೊತ್ತಿಲ್ಲೇನು?”

ಎಡಬಲಗಳ ಈ ತಾತ್ವಿಕ ಚರ್ಚೆಯ ನಡುವೆಯೇ ಗಾಜಿನ ಮೇಲೆ ಒಂದು ಬೆಳ್ಳನೆಯ ಪಟ್ಟಿ ಮೂಡಿತು. ಮಧುಮತಿಯ ದನಿ ಇದ್ದಕ್ಕಿದ್ದಂತೆ ಬದಲಾಯಿತು. “ಅಯ್ಯ, ಬಂತ್ರಿ! ಒಂದು ಗಿಡಾ ಕಾಣಸಾಕತ್ತು! ಎಲಿ ಎಲಿ ಕಾಣಸಾಕತ್ತಾವು!” ಬಾಳೇಶನ ತೋಳುಗಳಿಗೆ ಎಲ್ಲಿಂದಲೋ ಶಕ್ತಿ ಬಂತು. ಬಕೆಟ್ಟಿನ ನೀರು ಕಪ್ಪಾಯಿತು, ಇನ್ನೊಂದು ಬಕೆಟ್ಟು ಬಂತು. ಕತ್ತು ನೋಯುತ್ತಿತ್ತು, ಕೊಳೆನೀರು ಹಣೆಯ ಮೇಲೆ ಹನಿಯುತ್ತಿತ್ತು, ಆದರೂ ಅವನು ಒರೆಸಿದ. ಅರ್ಧ ಕಿಟಕಿ ಮುಗಿಯುವಷ್ಟರಲ್ಲಿ ತುದಿಯ ಬಟ್ಟೆಯ ಗಂಟು ಸಡಿಲಾಗಿ ಒಂದು ತೋಳು ಕೆಳಗೆ ಜೋತುಬಿತ್ತು. ತಿಳಿನೀಲಿ ಬಣ್ಣದ ತೋಳು. ಗುಂಡಿ ಸಮೇತ.

“ಮಧೂ… ಅದು ನನ್ನ ಅಂಗಿ ಅಲ್ಲೇನು? ದೀಪಾವಳಿದು?”

“ಮೆತ್ತನ್ನ ಅರಿವಿ ಬೇಕು ಅಂದ್ರಲ್ಲ? ನಿಮ್ಮ ಹೊಟ್ಟಿಗೆ ಅದು ಆಗಂಗಿಲ್ಲ ಅಂತ ಯಾವಾಗಿಂದ ಹೇಳಾಕತ್ತೇನಿ. ಮ್ಯಾಲ ವರಸ್ರಿ!”

ದುಃಖಪಡಲು ಪುರಸೊತ್ತಿರಲಿಲ್ಲ. ಬಾಳೇಶ ತನ್ನ ಅಂಗಿಯಿಂದಲೇ ತನ್ನ ಕಿಟಕಿಯನ್ನು ಮೇಲಿನವರೆಗೂ ಒರೆಸಿದ. ಸೂರ್ಯನ ಬೆಳಕು ಗಾಜಿನ ಮೇಲೆ ಬಿದ್ದು ಫಳಫಳ ಹೊಳೆಯಿತು. ಈಗ ಕೆಳಗಿನಿಂದಲೂ ಅವ್ವ ಸ್ಪಷ್ಟವಾಗಿ ಕಂಡಳು. ಕಣ್ಣು ಕಿರಿದು ಮಾಡಿ ಅವಳು ಮುಂದಕ್ಕೆ ಬಾಗಿ ನೋಡುತ್ತಿದ್ದಳು.

“ಸಾಕು ಬಿಡ್ರಿ, ಎಲ್ಲಾ ಛಲೋ ಆತು. ಇನ್ನ ಬರ್ರಿ ಒಳಗ,” ಎಂದಳು ಮಧುಮತಿ. ಈ ಮಾತು ಅವಳ ಬಾಯಿಂದ ಬರುವುದು ಅಪರೂಪ. ಅದನ್ನು ಕೇಳಿ ಅಲ್ಲಿಗೇ ನಿಲ್ಲಿಸಿದ್ದರೆ ಬಾಳೇಶ ಅವತ್ತು ಗೆದ್ದವನಾಗುತ್ತಿದ್ದ. ಆದರೆ ಛಜ್ಜಾದ ಕೆಳಗೆ, ಮೂಲೆಯಲ್ಲಿ, ಒಂದು ಹಿಡಿಯಷ್ಟು ಬೂದುಬಣ್ಣದ ಮಣ್ಣಿನಂಥ ಗಡ್ಡೆ ಅಂಟಿಕೊಂಡಿತ್ತು. ಇಷ್ಟು ಚಂದದ ಗಾಜಿಗೆ ಅದೊಂದು ದೃಷ್ಟಿಬೊಟ್ಟು.

“ಅದೊಂದು ಮಣ್ಣು ಉಳದೈತಿ. ಕೆರದು ಬಂದಬಿಡ್ತೇನಿ.”

“ಮಾಮಾರ, ಅದು ಮಣ್ಣಲ್ಲ ಅನಸ್ತೈತ್ರಿ…” ಎಂದ ಮೌನೇಶ. ದಿನವಿಡೀ ಮಾತಾಡಿದವನ ಈ ಒಂದು ಮಾತನ್ನು ಬಾಳೇಶ ಕೇಳಿಸಿಕೊಳ್ಳಬೇಕಿತ್ತು.

ದಂಡದ ತುದಿ ಗಡ್ಡೆಗೆ ತಾಗಿತು. ಗಡ್ಡೆ ಉದುರಲಿಲ್ಲ, ಗುಂಯ್ ಅಂದಿತು. ಮರುಕ್ಷಣ ಕಣಜದ ಹುಳುಗಳ ಇಡೀ ಪರಿವಾರ, ಬೊಂಬು ತೋರಿಸಿದ ದಾರಿಯಲ್ಲೇ ನೇರವಾಗಿ ಕೆಳಗಿಳಿದು ಬಂತು. ಬಾಳೇಶ ಬೊಂಬು ಬಿಟ್ಟ. ಬೊಂಬು ಕಾಶೆವ್ವನ ದನದ ಕೊಟ್ಟಿಗೆಯ ತಗಡಿನ ಮೇಲೆ ಬಿದ್ದು, ದಾಂಡೇಲಿಯಲ್ಲಿ ಕಾರ್ಖಾನೆಯ ಯಾವ ಭೋಂಗಾ ಕೂಡ ಮಾಡದಂಥ ಸದ್ದು ಮಾಡಿತು. ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಎಮ್ಮೆಯ ಹಿಂದೆ ಕಾಶೆವ್ವ ಓಡಿದಳು. ಇವರಿಬ್ಬರಿಗಿಂತ ಮೊದಲೇ ಮೌನೇಶ ಓಣಿಯ ತುದಿ ಮುಟ್ಟಿದ್ದ. ಬಾಳೇಶನೂ ಓಡಿದ, ಆದರೆ ಸಾಬೂನಿನ ನೀರಿನಲ್ಲಿ ತಾನೇ ಮಾಡಿದ ಕೆಸರಿನಲ್ಲಿ ಜಾರಿ, ಕೈಕಾಲು ಚಾಚಿ ಅಡ್ಡಬಿದ್ದ. ದೀರ್ಘದಂಡ ನಮಸ್ಕಾರವೆಂದರೆ ಹೇಗಿರಬೇಕೆಂದು ಯಾರಾದರೂ ಕಲಿಯುವುದಿದ್ದರೆ ಅವತ್ತು ನೋಡಬೇಕಿತ್ತು.

ಸಂಜೆಯ ಹೊತ್ತಿಗೆ ಬಾಳೇಶನ ಮುಖದಲ್ಲಿ ಮೂಗೆಲ್ಲಿ, ಗಲ್ಲವೆಲ್ಲಿ ಎಂದು ಹುಡುಕಬೇಕಾಗಿತ್ತು. ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ಓಣಿಯ ದವಾಖಾನೆಯವರು ಸೂಜಿ ಚುಚ್ಚಿ, ಗುಳಿಗೆ ಕೊಟ್ಟು, ಜೀವಕ್ಕೇನೂ ಭಯವಿಲ್ಲ ಎಂದಿದ್ದರು. ಕಡಿದಲ್ಲೆಲ್ಲ ಸುಣ್ಣ ಹಚ್ಚಿಸಿಕೊಂಡು ಅವನು ಹಾಲ್‌ನ ಮಂಚದ ಮೇಲೆ ಮಲಗಿದ್ದ. ಹೊರಗಿನ ಲೋಕವೆಲ್ಲ ಅವನಿಗೆ ಕತ್ತಲೆ. ಆ ಕತ್ತಲೆಯಲ್ಲಿ ಅವ್ವನ ದನಿ ಕೇಳಿತು.

“ಬಾಳ್ಯಾ… ಬಾಳ್ಯಾ! ಹೊಳಿ!”

ಅವನು ಮೊಣಕೈ ಊರಿ ಎದ್ದ. “ಏನಂದೆವಾ?”

“ಹೊಳಿ ಕಾಣಸ್ತೋ! ಆ ಎರಡು ಗಿಡದ ಸಂದ್ಯಾಗ, ಬೆಳ್ಳಿ ತಟ್ಟಿ ಇಟ್ಟಂಗ. ಸಣ್ಣದ ಐತಿ ಖರೆ, ಆದ್ರ ಹರಿಯೂದು ಕಾಣಸ್ತೈತಿ ನೋಡು. ಅಗಾ, ಬಗಲಾಗ ಒಂದು ಬೆಳ್ಳಕ್ಕಿ ಇಳೀತು.” ಆಮೇಲೆ ಮೆಲ್ಲಗೆ, “ನಿಮ್ಮಪ್ಪ ಇದ್ದಾಗ ದಂಡೀ ಮ್ಯಾಲ ಅರಿವಿ ಒಗ್ಯಾಕ ಹೋಗ್ತಿದ್ದೆ. ಎಷ್ಟು ದಿವಸ ಆಗಿತ್ತೋ ಹೊಳಿ ನೋಡಿ,” ಎಂದಳು.

ಬಾಳೇಶನ ಊದಿದ ರೆಪ್ಪೆಗಳ ಸಂದಿಯಿಂದ ನೀರು ಜಿನುಗಿ ಸುಣ್ಣವನ್ನು ಕಲಸಿತು. ಅಷ್ಟೂ ಹುಳುಗಳ ಅಷ್ಟೂ ಮುಳ್ಳು ಆ ಕ್ಷಣಕ್ಕೆ ಸಾರ್ಥಕವಾದಂತೆ ಅವನಿಗೆ ಅನ್ನಿಸಿತು. “ಹೌದಲ್ಲವಾ, ಮತ್ತ? ಗಾಜು ಹೊಲಸಾಗಿತ್ತು. ಅದನ್ನ ನಾನು—”

“ಗಾಜಿಂದೇನೈತೋ?” ಎಂದಳು ಮುದಕವ್ವ. “ಕಣ್ಣು ಬಂತು! ಡಾಕ್ಟರ ಮೊದಲ ಹೇಳಿರ್ಲಿಲ್ಲೇನು, ನಜರು ಸಾವಕಾಶ ಬರ್ತೈತಿ ಅಂತ? ಇವತ್ತ ಬಂತು ನೋಡು. ಎಂಥಾ ಕೈ ಅವರದು! ದೇವರಂಥಾ ಮನಶ್ಯಾ. ಸುಳ್ಳ ಬೈದೆ ಅವರಿಗೆ.” ಕಿಟಕಿಯತ್ತ ತಿರುಗಿ ಗಾಜನ್ನೂ ದಾಟುವ ದನಿಯಲ್ಲಿ ಕೂಗಿದಳು: “ಕಾಶೆವ್ವಾ! ನನ್ನ ಕಣ್ಣು ಬಂತವಾ! ನಾಳೆ ಇನ್ನೊಂದರದೂ ದಿನಾ ಕೇಳ್ಕೊಂಡು ಬರ್ತೇನಿ. ನಿಂದೂ ಹೆಸರು ಹಚ್ಚಿಸಲೇನು?”

“ಹಚ್ಚಸವಾ, ಹಚ್ಚಸು!” ಎಂದು ಕೆಳಗಿನಿಂದ, ಮರಳಿ ಸಿಕ್ಕ ಎಮ್ಮೆಯ ಪಕ್ಕದಿಂದ ಉತ್ತರ ಬಂತು. “ಮತ್ತ ನಿಮ್ಮ ಬಾಳೇಶ ಆ ಬೊಂಬು ಹಿಡ್ಕೊಂಡು ಏನು ಮಾಡಾಕತ್ತಿದ್ದ?”

“ಏನೋ ಹುಚ್ಚಾಟಾ. ಹುಳಾ ಕಡಿಸ್ಕೊಂಡ ಮಲಗ್ಯಾನ.”

ಮೂರು ಕಣ್ಣುಗಳೂ ಉಳಿದವು. ಉಳಿಸಿದವನ ಹೆಸರು ಮಾತ್ರ ಎಲ್ಲಿಯೂ ಬರಲಿಲ್ಲ. ಬಾಳೇಶ ಗೋಡೆಯ ಕಡೆ ತಿರುಗಿ ಮಲಗಿದ. (ಅದು ಗೋಡೆಯೆಂದು ಮೂಗು ತಾಗಿದ ಮೇಲೆ ಗೊತ್ತಾಯಿತು.)

ಅವನಿಗಿದ್ದ ಒಂದೇ ಸಮಾಧಾನವೆಂದರೆ, ಬಾವು ಇಳಿದ ಮೇಲೆ ತಾನೂ ಆ ಗಾಜಿನ ಮುಂದೆ ಕುಳಿತು, ರೆಸಾರ್ಟಿನಲ್ಲಿ ಕುಳಿತಂತೆ ಒಮ್ಮೆ ಹೊಳೆ ನೋಡಬಹುದು ಎಂಬುದು. ಅಷ್ಟರಲ್ಲಿ ಮಧುಮತಿ ಮೌನೇಶನಿಗೆ ಹೇಳುವುದು ಕೇಳಿತು: “ಒಂದು ಪರದೆ ಹಾಕಬೇಕೋ ತಮ್ಮಾ. ಗಾಜು ತೊಳದಿದ್ದ ತಡಾ, ಪೊರಿ ಬಂದ ಕಾಶೆವ್ವಕ್ಕಗೂ ನಮ್ಮ ಮನಿ ಒಳಗಿಂದೆಲ್ಲಾ ಕಾಣಸಾಕತ್ತೈತಿ. ಪಲ್ಲೆ ಯಾವದು ಅಂತ ಕೆಳಗಿಂದನ ಕೇಳಿದ್ಲು. ಅತ್ತಿಯವ್ರಿಗೂ ಸಂಜೀ ಬಿಸಲು ಕಣ್ಣಿಗೆ ಚುಚ್ಚತೈತಂತ.”

“ಹೌದವಾ, ಹಾಕಿಬಿಡ್ರಿ,” ಎಂದಳು ಮುದಕವ್ವ. “ಹೊಳಿ ನೋಡಿದ್ದಾತು.”

“ಬ್ಯಾಡಾ!” ಎಂದು ಬಾಳೇಶ ಚೀರಿದ. ಅಷ್ಟರಲ್ಲಿ ಇನ್ನಷ್ಟು ಊದಿಕೊಂಡಿದ್ದ ತುಟಿಗಳಿಂದ ಅದು “ಬ್ವಾ” ಎಂದಷ್ಟೇ ಹೊರಬಿತ್ತು. ನೋವಿಗೆ ನರಳುತ್ತಾನೆಂದು ತಿಳಿದು ಮಧುಮತಿ ಬಂದು ಇನ್ನಷ್ಟು ಸುಣ್ಣ ಹಚ್ಚಿ ಹೋದಳು. ಅಷ್ಟಗಲದ ಕಿಟಕಿಗೆ ಪರದೆಯ ಸರಳು ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂದಾಗ, ಬೊಂಬು ಅಲ್ಲೇ ಇದೆಯಲ್ಲ ಎಂದು ಮೌನೇಶ ಹೇಳಿದ. ಅಳತೆಗೆ ಸರಿಯಾಗಿ ಇತ್ತಂತೆ.

ಸೋಮವಾರ ಬೆಳಿ‌ಗ್ಗೆ ಮುದಕವ್ವ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ತಯಾರಾಗಿ ನಿಂತಳು. ಬಾಳೇಶನಿಗೆ ಒಂದು ಕಣ್ಣು ಎಳ್ಳುಕಾಳಿನಷ್ಟು ತೆರೆದಿತ್ತು. ಬೆಳಕು ಬಿದ್ದರೆ ಅದೂ ಉರಿಯುತ್ತಿತ್ತು. “ನಂದು ಹಾಕ್ಕೋ,” ಎಂದು ಅವ್ವ ತನ್ನ ಕಪ್ಪು ಕನ್ನಡಕವನ್ನು ಅವನಿಗೆ ಏರಿಸಿದಳು. “ಬಸ್ಸಿನ ಮೆಟ್ಟಲಾ ಐತಿ… ಕಾಲು ಎತ್ತು… ಇಲ್ಲಿ ಕುಂಡ್ರು,” ಎಂದು ಧಾರವಾಡದವರೆಗೆ ಕೈಹಿಡಿದು ಕರೆದುಕೊಂಡು ಹೋದಳು. ದಾರಿಯಲ್ಲಿ ಯಾರೋ, “ಪಾಪ, ಮಗಗ ಯಾವಾಗಿಂದ ಹಿಂಗ್ರೀ?” ಎಂದು ಕೇಳಿದರು. “ನಿನ್ನಿಯಿಂದರಿ,” ಎಂದಳು ಮುದಕವ್ವ.

ಆಸ್ಪತ್ರೆಯಲ್ಲಿ ನರ್ಸಬಾಯಿ ಚುರುಕಾಗಿದ್ದಳು. ಕೈಯಲ್ಲಿ ಹನಿಯ ಬಾಟಲಿ ಹಿಡಿದು ಬಂದವಳು, ನೆಟ್ಟಗೆ ನಿಂತ ಅಜ್ಜಿಯನ್ನೂ, ಅವಳ ಕೈಹಿಡಿದು ತಡವರಿಸುತ್ತಿದ್ದ ಕಪ್ಪು ಕನ್ನಡಕದವನನ್ನೂ ನೋಡಿ ಹೆಚ್ಚೇನೂ ಕೇಳಲಿಲ್ಲ. ಬಾಳೇಶನನ್ನು ಕುರ್ಚಿಯಲ್ಲಿ ಕೂರಿಸಿ, ಕನ್ನಡಕ ತೆಗೆದು, ಗಲ್ಲ ಹಿಡಿದು ಮುಖ ಮೇಲೆತ್ತಿದಳು.

“ನಾ ಅಲ್ರಿ! ಪೇಶಂಟ್ ನಾ ಅಲ್ರಿ!”

“ಎಲ್ಲಾರೂ ಹಂಗ ಅಂತಾರ. ಹೆದರಬ್ಯಾಡ್ರಿ,” ಎಂದು ಆಕೆ ಆ ಎಳ್ಳುಕಾಳಿನ ಸಂದಿಗೆ ಗುರಿಯಿಟ್ಟು ಹನಿ ಬಿಟ್ಟಳು.

“ಹಾಕ್ರಿ ತಾಯಿ, ಹಾಕ್ರಿ,” ಎಂದು ಮುದಕವ್ವ ಮಗನ ಬೆನ್ನು ಸವರಿದಳು. “ನನಗೂ ಮೊದಲ ಹಿಂಗ ಅಂಜಿಕಿ ಆಗಿತ್ತು.”

ಅಷ್ಟರಲ್ಲಿ ಡಾಕ್ಟರು ಬಂದರು. ಮುದಕವ್ವ ಗೋಡೆಯ ಮೇಲಿನ ಅಕ್ಷರಗಳನ್ನು ದೊಡ್ಡದರಿಂದ ಸಣ್ಣದರವರೆಗೆ ಗಂಟಲೆತ್ತಿ ಓದಿ, ಕೆಳಗೆ ಸಣ್ಣದಾಗಿ ಅಚ್ಚಾಗಿದ್ದ ಮುದ್ರಣಾಲಯದ ಹೆಸರನ್ನೂ ಓದಿದಳು. ಡಾಕ್ಟರಿಗೆ ಬಹಳ ಸಂತೋಷವಾಯಿತು. ಇನ್ನೊಂದು ಕಣ್ಣಿಗೂ ದಿನ ಗೊತ್ತಾಯಿತು. ಕಾಶೆವ್ವನ ಹೆಸರೂ ಸೇರಿತು. ಆಮೇಲೆ ಅವರು ಪಕ್ಕದ ಕುರ್ಚಿಯತ್ತ ತಿರುಗಿದರು. ಬಾಟರಿ ಬಿಟ್ಟು ಬಾಳೇಶನ ಮುಖವನ್ನು ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದರು.

“ಅರೆ! ಇವರಿಗೆ ಆಪರೇಶನ್ ಮಾಡಿದವರು ಯಾರ್ರೀ?”

“ತಾನ ಮಾಡ್ಕೊಂಡಾನ್ರಿ ಸಾಹೇಬ್ರ,” ಎಂದಳು ಮುದಕವ್ವ. “ಬೊಂಬು ತಗೊಂಡು.”